ತೂಕ ಸರಿ ಇದ್ದರೂ ಕಾರಿನ ಪೇಂಟ್ ಶೇಡ್ ಯಾಕೆ ತಪ್ಪುತ್ತೆ?

ಓದುಗರ ಪ್ರಶ್ನೆ: ನಮ್ಮ ಪೇಂಟ್ ಫ್ಯಾಕ್ಟರಿಯಲ್ಲಿ ಡೋಸಿಂಗ್ (ಬಣ್ಣದ ಪೇಸ್ಟ್‌ಗಳನ್ನು ತೂಗಿ ಹಾಕುವ ಕೆಲಸ) ಪೂರ್ತಿ ಆಟೋಮ್ಯಾಟಿಕ್ ಆಗಿದೆ. ಆದರೂ ಬ್ಯಾಚ್ ಒಂದೇ ಸಲಕ್ಕೆ ಪಾಸಾಗುತ್ತಿಲ್ಲ. ಯಾಕೆ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ತೂಕ ಸರಿಯಾದರೆ ಬಣ್ಣವೂ ಸರಿಯಾಗುತ್ತೆ ಅನ್ನೋ ನಂಬಿಕೆ ಜನರ ತಲೆಯಿಂದ ಹೋಗುತ್ತಲೇ ಇಲ್ಲ. ಇಲ್ಲ, ಆಗಲ್ಲ. ಟ್ಯಾಂಕಿನ ಕೆಳಗಿರುವ ತೂಕದ ಸೆನ್ಸರ್, ಅಂದರೆ ಲೋಡ್ ಸೆಲ್, ಅಳೆಯುವುದು ತೂಕ ಮಾತ್ರ. ಪಿಗ್ಮೆಂಟ್‌ಗೆ, ಅಂದರೆ ಬಣ್ಣದ ಪುಡಿಗೆ, ಬಣ್ಣ ಕೊಡುವ ಬಲ ಎಷ್ಟಿದೆ ಅನ್ನೋದು ಅದಕ್ಕೆ ತಿಳಿಯಲ್ಲ. ಸಾರಿಗೆ ಎರಡು ಚಮಚ ಖಾರದ ಪುಡಿ ಹಾಕುತ್ತೀರಿ. ಬ್ಯಾಡಗಿಯದಾದರೆ ಬರೋ ಕೆಂಪೇ ಬೇರೆ, ಗುಂಟೂರಿನದಾದರೆ ಬೇರೆ. ಹೋದ ವರ್ಷದ ಬ್ಯಾಡಗಿಗೂ ಈ ವರ್ಷದ್ದಕ್ಕೂ ವ್ಯತ್ಯಾಸ ಇರುತ್ತೆ ಅಲ್ವಾ? ಪಿಗ್ಮೆಂಟ್ ಲಾಟ್‌ಗಳೂ ಹಾಗೇ.

ಮುಂದಿನದು ಬೀಡ್ ಮಿಲ್, ಪಿಗ್ಮೆಂಟನ್ನು ಮಣಿಗಳಿಂದ ಅರೆದು ಪೇಸ್ಟ್ ಮಾಡುವ ಯಂತ್ರ. ಜಿರ್ಕೋನಿಯಾ ಅನ್ನೋ ಗಟ್ಟಿ ಸೆರಾಮಿಕ್‌ನ ಮಣಿಗಳು ಪಿಗ್ಮೆಂಟ್ ಗಂಟುಗಳನ್ನು ಒಡೆದಷ್ಟೂ ಬಣ್ಣದ ಬಲ ಏರುತ್ತೆ. ಮಣಿ ಸವೆದಿದ್ದರೆ ಅಷ್ಟೇ ಹೊತ್ತು ಅರೆದರೂ ಪೇಸ್ಟ್ ಸಪ್ಪೆ. ಅರೆದದ್ದು ಎಷ್ಟು ನುಣುಪು ಅಂತ ನೋಡುವ ಹೆಗ್ಮನ್ ಗೇಜ್ 7 ತೋರಿಸಿತು ಅಂತ ಸುಮ್ನೆ ಮುಂದಕ್ಕೆ ಕಳಿಸುತ್ತಾರೆ. ಆ ಗೇಜ್ ಹಿಡಿಯುವುದು ಉಳಿದ ದಪ್ಪ ಕಣಗಳನ್ನು, ಬಣ್ಣದ ಬಲವನ್ನಲ್ಲ.

ಹಾಗಾಗಿ ಪ್ರತಿ ಪೇಸ್ಟನ್ನೂ ಡೋಸಿಂಗ್ ಟ್ಯಾಂಕಿಗೆ ತುಂಬುವ ಮೊದಲೇ ಪರೀಕ್ಷಿಸಬೇಕು. ಸ್ವಲ್ಪ ಪೇಸ್ಟನ್ನು ಬಿಳಿ ಬೇಸ್‌ಗೆ ಬೆರೆಸಿ, ಕಾರ್ಡಿನ ಮೇಲೆ ಸ್ಟ್ಯಾಂಡರ್ಡ್ ಪೇಸ್ಟಿನ ಪಕ್ಕದಲ್ಲೇ ತೆಳುವಾಗಿ ಎಳೆದು, ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಓದಿ. ಬಲ ಜಾಸ್ತಿ ಇದ್ದರೆ ರೆಸಿನ್ (ಪೇಂಟ್‌ನ ಅಂಟು ದ್ರವ) ಹಾಕಿ ಇಳಿಸಿ, ಕಡಿಮೆ ಇದ್ದರೆ ಮತ್ತೆ ಅರೆಯಿರಿ. ಇಷ್ಟು ಮಾಡಿದರೆ ಮಾತ್ರ ಡೋಸಿಂಗ್‌ನ ನಿಖರತೆಗೆ ಬೆಲೆ. ಇಲ್ಲದಿದ್ದರೆ ಒಂದೊಂದು ತಿದ್ದುಪಡಿಗೂ ಪ್ಯಾನೆಲ್‌ಗೆ ಸ್ಪ್ರೇ ಮಾಡಿ, ಬೇಕ್ ಮಾಡಿ, ತಣ್ಣಗಾಗಿಸಿ, ಓದಿ, ಮತ್ತೆ ಟಿಂಟರ್ (ಶೇಡ್ ತಿದ್ದುವ ಬಣ್ಣದ ಪೇಸ್ಟ್) ಹಾಕಬೇಕು. ಅಷ್ಟು ಹೊತ್ತೂ ಮಿಕ್ಸರ್ ಖಾಲಿಯಾಗಲ್ಲ. ಸುಧಾರಣೆ ಆಗಿದೆಯೋ ಇಲ್ಲವೋ ನೋಡಬೇಕಾದರೆ ನಾನು ಮೊದಲು ಕೇಳುವುದು ಇದನ್ನೇ: ಬ್ಯಾಚಿಗೆ ಎಷ್ಟು ಸಲ ತಿದ್ದುತ್ತೀರಿ?

ಮೆಟಾಲಿಕ್ ಶೇಡ್‌ಗಳಿಗೆ ಇನ್ನೊಂದು ಎಚ್ಚರ. ಅಲ್ಯೂಮಿನಿಯಂ ಚೂರುಗಳು ಚಪ್ಪಟೆ. ಜೋರಾಗಿ ಕಲಸಿದರೆ ಬಾಗುತ್ತವೆ, ಮುರಿಯುತ್ತವೆ. ಹಾಗಾದ ಮೇಲೆ ಯಾವ ಟಿಂಟರ್ ಹಾಕಿದರೂ ಹಳೆಯ ಮಿಂಚು ಬರಲ್ಲ. ಅದಕ್ಕೇ ಆ ಹಂತದಲ್ಲಿ ಮಿಕ್ಸರ್ ವೇಗ ಮಿತಿ ಮೀರದಂತೆ ಯಂತ್ರ ನಡೆಸುವ ಕಂಪ್ಯೂಟರ್ ಆದ ಪಿಎಲ್‌ಸಿಯಲ್ಲೇ ಲಾಕ್ ಮಾಡಿ, ಆಪರೇಟರ್ ಕೈಗೆ ಬಿಡಬೇಡಿ. ಅಳೆಯುವಾಗಲೂ ಒಂದೇ ಕೋನ ಸಾಲದು. 15, 25, 45, 75, 110 ಡಿಗ್ರಿ, ಐದೂ ನೋಡಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಹೊಸ ಕಾರಿನಲ್ಲೂ ಬಂಪರ್ ಬಣ್ಣ ಸ್ವಲ್ಪ ಬೇರೆ ಕಾಣುವುದುಂಟು. ಬಾಡಿ ಉಕ್ಕಿನದು, ಸುಮಾರು 140 ಡಿಗ್ರಿಯಲ್ಲಿ ಬೇಕ್ ಆಗುತ್ತೆ. ಪ್ಲಾಸ್ಟಿಕ್ ಬಂಪರ್ ಆ ಬಿಸಿ ತಡೆಯಲ್ಲ. ಅದಕ್ಕೆ ಸುಮಾರು 80 ಡಿಗ್ರಿಯಲ್ಲಿ ಗಟ್ಟಿಯಾಗುವ ಬೇರೆ ಪೇಂಟ್, ಹೆಚ್ಚಾಗಿ ಬೇರೆ ಲೈನ್. ಸ್ಪ್ರೇ ಬೇರೆಯಾದರೆ ಅಲ್ಯೂಮಿನಿಯಂ ಚೂರುಗಳು ಮಲಗುವ ರೀತಿಯೂ ಬೇರೆ. ನೇರ ನಿಂತು ನೋಡಿದರೆ ಎರಡೂ ಒಂದೇ ಅನ್ನಿಸಬಹುದು. ಬಿಸಿಲಲ್ಲಿ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ, ಗೊತ್ತಾಗುತ್ತೆ.