ಒಂದು ಸೈಜ್ ದೊಡ್ಡದೇ ಇರಲಿ ಅನ್ನುವವರಿಗೆ

ನಮ್ಮ ಪೂಲಿನ ಲೇಡೀಸ್ ಬ್ಯಾಚಿಗೆ ಕಳೆದ ಬೇಸಿಗೆಯಲ್ಲಿ ಒಬ್ಬರು ಸೇರಿದರು. ವಯಸ್ಸು 45ರ ಆಸುಪಾಸು. ಮೊಣಕಾಲಿನ ತನಕ ಪ್ಯಾಂಟು, ಮೇಲೊಂದು ಫ್ರಾಕು ಇರುವ ಸ್ವಿಮ್‌ಸೂಟು. ಅದೂ ಬೇಕಂತಲೇ ಒಂದು ಸೈಜ್ ದೊಡ್ಡದು. "ಮೈಗೆ ಅಂಟಿಕೊಂಡ್ರೆ ಮುಜುಗರ ಆಗುತ್ತೆ ಮೇಡಂ" ಅಂದರು. ನೀರಿಗೆ ಇಳಿದದ್ದೇ ತಡ, ಫ್ರಾಕು ಕೊಡೆಯ ಹಾಗೆ ಅರಳಿ ಎದೆಯವರೆಗೆ ಬಂತು. ಪಾಪ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫ್ರಾಕು ಹಿಡಿದುಕೊಂಡೇ ಆವತ್ತಿನ ಕ್ಲಾಸು ಮುಗಿಸಿದರು.

ಚೂಡಿದಾರ ಹೊಲಿಸುವಾಗ ಸ್ವಲ್ಪ ಸಡಿಲ ಇರಲಿ ಅಂತ ಟೈಲರಿಗೆ ಹೇಳಿ ನಮಗೆ ಅಭ್ಯಾಸ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸ್ವಿಮ್‌ಸೂಟಿನ ಬಟ್ಟೆ ಒದ್ದೆಯಾದ ಮೇಲೆ ಇನ್ನಷ್ಟು ಸಡಿಲವಾಗುತ್ತದೆ. ಅಂಗಡಿಯಲ್ಲಿ ಆರಾಮಾಗಿದೆ ಅನಿಸಿದ್ದು ನೀರಿನಲ್ಲಿ ಜೋಲುತ್ತದೆ. ಗೋಡೆ ಒದ್ದು ಮುಂದೆ ಹೋದರೆ ಕತ್ತಿನಿಂದ ನೀರು ನುಗ್ಗಿ ಹೊಟ್ಟೆಯ ಹತ್ತಿರ ಚೀಲದ ಹಾಗೆ ತುಂಬಿಕೊಳ್ಳುತ್ತದೆ. ಹಾಗಾಗಿ ಒಣಗಿದ್ದಾಗ ಸ್ವಲ್ಪ ಬಿಗಿ ಅನಿಸಬೇಕು. ಉಸಿರು ಕಟ್ಟುವಷ್ಟಲ್ಲ.

ಇನ್ನೊಂದು ತಪ್ಪು, ಎದೆಯ ಅಳತೆ ಮಾತ್ರ ನೋಡಿ ತರುವುದು. ಒಂದೇ ತುಂಡಿನ ಸೂಟಿಗೆ ಅದಕ್ಕಿಂತ ಮುಖ್ಯ ಮೈಯ ಉದ್ದ. ಟೇಪಿನ ತುದಿಯನ್ನು ಭುಜದ ನಡುವೆ ಇಡಿ. ಎದೆಯ ಮೇಲಿಂದ ಕೆಳಗೆ ತಂದು, ಕಾಲುಗಳ ನಡುವೆ ಹಾಯಿಸಿ, ಬೆನ್ನಿನ ಮೇಲಿಂದ ಮತ್ತೆ ಅದೇ ಭುಜಕ್ಕೆ ತನ್ನಿ. ಒಬ್ಬರಿಗೇ ಆಗುವ ಕೆಲಸವಲ್ಲ, ಅಕ್ಕನನ್ನೋ ಮಗಳನ್ನೋ ಕರೆಯಿರಿ. ನನ್ನ ಬ್ಯಾಚಿನಲ್ಲೇ ಇಬ್ಬರಿದ್ದಾರೆ. ಇಬ್ಬರಿಗೂ ಎದೆ 36 ಇಂಚು. ಈ ಸುತ್ತಳತೆ ಮಾತ್ರ ಒಬ್ಬರಿಗೆ 60, ಇನ್ನೊಬ್ಬರಿಗೆ 64. ಒಂದೇ ಸೂಟು ಇಬ್ಬರಿಗೂ ಹೇಗೆ ಆದೀತು? ಉದ್ದ ಸಾಲದಿದ್ದರೆ ಪಟ್ಟಿ ಭುಜವನ್ನು ಕೊರೆಯುತ್ತದೆ, ಕೆಳಗೆ ತೊಡೆಸಂದಿಯಲ್ಲಿ ಎಳೆಯುತ್ತದೆ. ಆಗ ದಪ್ಪ ಆಗಿದ್ದೀನಿ ಅಂತ ಕೊರಗಬೇಡಿ. ಸೂಟು ಗಿಡ್ಡ, ಅಷ್ಟೇ.

ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ಸುಮ್ನೆ ನಿಲ್ಲಬೇಡಿ. ಎರಡೂ ಕೈ ಮೇಲೆತ್ತಿ, ಬಗ್ಗಿ, ಕುಕ್ಕರಗಾಲಿನಲ್ಲಿ ಕೂತು ಏಳಿ. ಎದ್ದ ತಕ್ಷಣ ಹಿಂದಿನ ಬಟ್ಟೆ ಎಳೆದುಕೊಳ್ಳಬೇಕಾಯಿತೇ? ಅದು ಬೇಡ. ಭುಜದ ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಬಿಟ್ಟರೆ ಪಟ್ಟಿ ವಾಪಸ್ ಕೂರಬೇಕು. ತಿಳಿ ಬಣ್ಣದ್ದಾದರೆ ಒಳಗೆ ಲೈನಿಂಗ್ ಇದೆಯಾ ನೋಡಿ. ಒಳಗೆ ಬ್ರಾ ಹಾಕುವ ಅಭ್ಯಾಸ ಜಾಸ್ತಿ ಜನಕ್ಕಿದೆ, ಅದು ನೀರು ಹೀರಿ ಕಂಕುಳಲ್ಲಿ ಉಜ್ಜುತ್ತದೆ. ಆಧಾರ ಬೇಕಿದ್ದರೆ ಎದೆಯ ಕೆಳಗೆ ಎಲಾಸ್ಟಿಕ್ ಇರುವ ಸೂಟು ಆರಿಸಿಕೊಳ್ಳಿ.

ಮೈ ಮುಚ್ಚುವ ಸೂಟು ಬೇಕು ಅನ್ನುವವರ ಮೇಲೆ ನನಗೆ ತಕರಾರಿಲ್ಲ. ತಕರಾರು ಜೋಲುವ ಫ್ರಾಕಿನ ಮೇಲೆ. 2010ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮವೇ ಹೆಂಗಸರ ಸೂಟು ಭುಜದಿಂದ ಮೊಣಕಾಲಿನ ತನಕ ಇರಬಹುದು ಅನ್ನುತ್ತದೆ. ಆ ನಮೂನೆಯ ಸೂಟು ನಮ್ಮಲ್ಲೂ ಸಿಗುತ್ತದೆ. ಮೊದಲು ಹೇಳಿದ ಫ್ರಾಕಿನವರು ಈಗ ಅದನ್ನೇ ಹಾಕುತ್ತಾರೆ. ಎರಡೂ ಕೈ ಖಾಲಿ.

ಬಟ್ಟೆಯ ವಿಷಯ. ದಿನಾ ಬರುವವರು ಪಾಲಿಯೆಸ್ಟರ್ ಜಾಸ್ತಿ ಇರುವುದನ್ನು ತೆಗೆದುಕೊಳ್ಳಿ. ನೈಲಾನ್-ಲೈಕ್ರಾ ಮೆತ್ತಗಿರುತ್ತದೆ, ಆದರೆ ಬಟ್ಟೆ ರಬ್ಬರಿನ ಹಾಗೆ ಹಿಗ್ಗುವಂತೆ ಮಾಡುವ ಆ ಲೈಕ್ರಾ ಎಳೆಯನ್ನು ಪೂಲಿನ ಕ್ಲೋರಿನ್ ತಿಂದುಹಾಕುತ್ತದೆ. ಇಳಿಯುವ ಮುಂಚೆ ಶವರ್‌ನಲ್ಲಿ ಚೆನ್ನಾಗಿ ನೆನೆಯಿರಿ. ಒಳ್ಳೆ ನೀರು ಕುಡಿದ ಬಟ್ಟೆ ಕ್ಲೋರಿನ್ ನೀರನ್ನು ಕಮ್ಮಿ ಕುಡಿಯುತ್ತದೆ. ಮನೆಗೆ ಹೋಗಿ ತಣ್ಣೀರಲ್ಲಿ ಜಾಲಿಸಿ ನೆರಳಲ್ಲಿ ಹರವಿ. ಹಿಂಡಬೇಡಿ, ವಾಷಿಂಗ್ ಮಷೀನಿಗೆ ಹಾಕಲೇಬೇಡಿ.

ತಿಂಗಳಿಗೊಮ್ಮೆ ಕೂರುವ ಜಾಗದ ಬಟ್ಟೆಯೊಳಗೆ ಕೈ ತೂರಿಸಿ ಬೆಳಕಿಗೆ ಹಿಡಿಯಿರಿ. ಬೆರಳು ಕಂಡರೆ ಹೊಸದು ತನ್ನಿ. ಅದು ತೆಳ್ಳಗಾಗಿರುವುದು ನಿಮಗೆ ಗೊತ್ತಾಗುವುದಿಲ್ಲ, ಹಿಂದೆ ಈಜುವವರಿಗೆ ಗೊತ್ತಾಗುತ್ತದೆ.