ಲೋವಾಸ್, ಅಕ್ಟೋಬರ್ 1991: ಒಂದು ಹಳ್ಳಿಯ ಹತ್ಯಾಕಾಂಡ ಮತ್ತು ನ್ಯಾಯಾಲಯಗಳ ತೀರ್ಮಾನ

ಯುಗೋಸ್ಲಾವಿಯದ ವಿಘಟನೆಯನ್ನು ಅಭ್ಯಾಸ ಮಾಡುವವರ ಓದು ಸಾಮಾನ್ಯವಾಗಿ ವುಕೋವಾರ್, ಸ್ರೆಬ್ರೆನಿತ್ಸಾ ಎಂಬ ಎರಡು ಹೆಸರುಗಳಲ್ಲಿಯೇ ನಿಂತುಬಿಡುತ್ತದೆ. ಆದರೆ 1991ರ ಯುದ್ಧವು ಕ್ರೊಯೇಷ್ಯಾದ ಹಳ್ಳಿಗಳನ್ನು ಹೇಗೆ ಖಾಲಿ ಮಾಡಿಸಿತು ಮತ್ತು ಅಲ್ಲಿ ನಡೆದ ಕೊಲೆಗಳನ್ನು ಕಾನೂನು ಯಾವ ಅಪರಾಧವೆಂದು ಪರಿಗಣಿಸಿತು ಎಂಬುದನ್ನು ಅರಿಯಲು ಲೋವಾಸ್ ಹೆಚ್ಚು ಸಹಾಯಕವಾದ ಉದಾಹರಣೆ. ಕೊಲೆಗಳು ನಡೆದದ್ದು ನಿಜವೆಂದು ಒಪ್ಪಿಕೊಂಡ ನ್ಯಾಯಾಲಯವೇ ಅದು ಜನಾಂಗಹತ್ಯೆಯಲ್ಲ ಎಂದು ಏಕೆ ಹೇಳಿತು ಎಂಬುದು ಈ ಟಿಪ್ಪಣಿಯ ಮುಖ್ಯ ಪ್ರಶ್ನೆ.

ಲೋವಾಸ್ ಇರುವುದು ಕ್ರೊಯೇಷ್ಯಾದ ಪೂರ್ವದ ತುದಿಯಲ್ಲಿ, ಡ್ಯಾನ್ಯೂಬ್ ನದಿಯ ದಕ್ಷಿಣಕ್ಕೆ, ವುಕೋವಾರ್ ನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ. ಬೇಸಾಯವನ್ನೇ ನಂಬಿದ್ದ ಈ ಹಳ್ಳಿಯಲ್ಲಿ ಕ್ರೊಯೇಟರೇ ಬಹುಸಂಖ್ಯಾತರು. ಸರ್ಬರೂ ಅವರೊಡನೆ ಬಾಳುತ್ತಿದ್ದರು. ಸರ್ಬಿಯಾದ ಗಡಿ ಹತ್ತಿರದಲ್ಲಿಯೇ ಇದ್ದುದರಿಂದ, ಆ ವರ್ಷದ ಆಗಸ್ಟ್ ಕೊನೆಯಿಂದ ನವೆಂಬರ್ 18ರವರೆಗೆ ವುಕೋವಾರ್‌ಗೆ ಮುತ್ತಿಗೆ ಹಾಕಿದ್ದ ಯುಗೋಸ್ಲಾವ್ ಜನತಾ ಸೇನೆಗೆ ನಡುವೆ ಸಿಗುವ ತೊವಾರ್ನಿಕ್, ಲೋವಾಸ್, ಇಲೋಕ್ ಮುಂತಾದ ಊರುಗಳು ತನ್ನ ಬೆನ್ನ ಹಿಂದೆ ಉಳಿಯುವುದು ಬೇಕಿರಲಿಲ್ಲ.

ಅಕ್ಟೋಬರ್ 10ರಂದು ಹಳ್ಳಿಯ ಮೇಲೆ ದಾಳಿಯಾಯಿತು. ಸೇನೆಯ ಜೊತೆಗೆ ಪ್ರಾದೇಶಿಕ ರಕ್ಷಣಾ ಪಡೆಯೂ ‘ದುಶಾನ್ ಸಿಲ್ನಿ’ ಎಂಬ ಹೆಸರಿನ ಅರೆಸೈನಿಕ ತಂಡವೂ ಒಳನುಗ್ಗಿದವು, ಮತ್ತು ಮನೆಗಳಲ್ಲಿ, ಅಂಗಳಗಳಲ್ಲಿ ಸಿಕ್ಕ ನಾಗರಿಕರನ್ನು ಆ ದಿನವೇ ಕೊಂದರು. ಮುಂದಿನ ದಿನಗಳಲ್ಲಿ ಹೊಸ ಆಡಳಿತವು ಹಳ್ಳಿಯ ಕ್ರೊಯೇಟರು ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಳ್ಳಬೇಕೆಂದೂ ತಮ್ಮ ಮನೆಗಳಿಗೆ ಬಿಳಿ ಬಟ್ಟೆ ತೂಗುಹಾಕಬೇಕೆಂದೂ ವಿಧಿಸಿತು. ಯಾರನ್ನು ಹೊಡೆಯಬಹುದು, ಯಾರ ಮನೆಯನ್ನು ದೋಚಬಹುದು ಎಂಬುದನ್ನು ಹೊರಗಿನಿಂದ ಬಂದ ಸಶಸ್ತ್ರ ವ್ಯಕ್ತಿಗೆ ತೋರಿಸಿಕೊಡಲು ಇಷ್ಟು ಸಾಕಾಗಿತ್ತು.

ಅಕ್ಟೋಬರ್ 17ರಂದು ಹಳ್ಳಿಯ ಗಂಡಸರನ್ನು ಸಹಕಾರ ಸಂಘದ ಕಟ್ಟಡಕ್ಕೆ ಕರೆಸಿ ಅಲ್ಲಿಯೇ ಕೂಡಿಹಾಕಲಾಯಿತು. ರಾತ್ರಿಯಿಡೀ ಹಲವರಿಗೆ ಹೊಡೆತ ಬಿದ್ದಿತು. ಮರುದಿನ ಬೆಳಿಗ್ಗೆ ದ್ರಾಕ್ಷಿ ಕೊಯ್ಲಿಗೆ ಹೋಗಬೇಕಿದೆ ಎಂದು ಹೇಳಿ ಅವರಲ್ಲಿ ಸುಮಾರು 50 ಮಂದಿಯನ್ನು ನಡೆಸಿಕೊಂಡು ಹೊರಟರು. ಅದು ಕೊಯ್ಲಿನ ಕಾಲವಾದ್ದರಿಂದ ಈ ಮಾತು ಅಸಂಭವವೆಂದು ತೋರುವಂತಿರಲಿಲ್ಲ. ದಾರಿಯಲ್ಲಿ ಒಬ್ಬನನ್ನು ಗುಂಡಿಕ್ಕಿ ಕೊಂದರು. ಊರಾಚೆಯ ಮೇವಿನ ಹೊಲವೊಂದಕ್ಕೆ ತಲುಪಿದಾಗ ಅಲ್ಲಿ ನೆಲಬಾಂಬ್‌ಗಳಿದ್ದವು. ಬಂಧಿತರು ಕೈ ಕೈ ಹಿಡಿದು ಸಾಲಾಗಿ ಹೊಲದೊಳಗೆ ಇಳಿದು, ಪಾದಗಳನ್ನು ಅತ್ತಿತ್ತ ಸವರುತ್ತಾ ಬಾಂಬ್‌ಗಳನ್ನು ಹುಡುಕಬೇಕೆಂದು ಆಜ್ಞೆಯಾಯಿತು. ಸ್ಫೋಟವಾದ ಕೂಡಲೇ ಹಿಂದಿನಿಂದ ಗುಂಡಿನ ಮಳೆಯೂ ಸುರಿಯಿತು. ಹೀಗೆ ಸತ್ತವರು 21 ಮಂದಿ. ಗಾಯಗೊಂಡು ಉಳಿದವರು ಹಲವರು. ಆ ಅವಧಿಯಲ್ಲಿ ಲೋವಾಸ್‌ನಲ್ಲಿ ಹತರಾದ ನಾಗರಿಕರ ಒಟ್ಟು ಸಂಖ್ಯೆ 70 ಎಂದು ಪ್ರತಿವರ್ಷದ ಸ್ಮರಣೆಯಲ್ಲಿ ಹೇಳಲಾಗುತ್ತದೆ. ಉಳಿದ ಕ್ರೊಯೇಟರಲ್ಲಿ ಬಹುಪಾಲು ಜನರನ್ನು ಊರಿನಿಂದ ಹೊರದಬ್ಬಲಾಯಿತು. ನೆಲಬಾಂಬ್ ಘಟನೆಯ ಹಿಂದಿನ ದಿನವೇ ನೆರೆಯ ಇಲೋಕ್ ಪಟ್ಟಣದ ಸಾವಿರಾರು ಜನ ಸಾಲುಸಾಲಾಗಿ ಊರು ಬಿಟ್ಟಿದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕೊಲೆ ಮತ್ತು ಉಚ್ಚಾಟನೆ ಇಲ್ಲಿ ಬೇರೆ ಬೇರೆ ಘಟನೆಗಳಲ್ಲ.

ಲೋವಾಸ್‌ನ ಸಾಮೂಹಿಕ ಗೋರಿಯನ್ನು ತೆರೆಯಲು 1997ರವರೆಗೆ ಕಾಯಬೇಕಾಯಿತು. ಕ್ರೊಯೇಷ್ಯಾ ಸರ್ಕಾರ ಮತ್ತು ಸ್ಥಳೀಯ ಸರ್ಬರ ನಡುವೆ 1995ರ ನವೆಂಬರ್‌ನಲ್ಲಿ ಆದ ಎರ್ದೂತ್ ಒಪ್ಪಂದದ ನಂತರ ಈ ಪ್ರದೇಶವು ವಿಶ್ವಸಂಸ್ಥೆಯ ತಾತ್ಕಾಲಿಕ ಆಡಳಿತಕ್ಕೆ ಒಳಪಟ್ಟಿತ್ತು. 1998ರ ಜನವರಿ 15ರಂದು ಅದು ಪೂರ್ಣವಾಗಿ ಕ್ರೊಯೇಷ್ಯಾಕ್ಕೆ ಮರಳಿತು.

ಇನ್ನು ಕಾನೂನಿನ ಭಾಗ. ಇಲ್ಲಿ ಮೊದಲು ದಿನಾಂಕಗಳನ್ನು ಗಮನಿಸಬೇಕು. ಕ್ರೊಯೇಷ್ಯಾ 1991ರ ಜೂನ್ 25ರಂದು ಸ್ವಾತಂತ್ರ್ಯ ಘೋಷಿಸಿತಾದರೂ, ಯುರೋಪಿಯನ್ ಸಮುದಾಯದ ಮಧ್ಯಸ್ಥಿಕೆಯಲ್ಲಿ ಆದ ಬ್ರಿಯೋನಿ ಒಪ್ಪಂದದಂತೆ ಅದರ ಜಾರಿಯನ್ನು ಮೂರು ತಿಂಗಳು ತಡೆಹಿಡಿದು, ಅಕ್ಟೋಬರ್ 8ರಂದು ಯುಗೋಸ್ಲಾವಿಯದೊಂದಿಗಿನ ಸಂಬಂಧವನ್ನು ಕಡಿದುಕೊಂಡಿತು. ಲೋವಾಸ್ ಮೇಲಿನ ದಾಳಿ ನಡೆದದ್ದು ಅದಾದ ಎರಡೇ ದಿನಕ್ಕೆ. ಆದ್ದರಿಂದ ಇದನ್ನು ಎರಡು ಸ್ವತಂತ್ರ ದೇಶಗಳ ನಡುವಿನ ಸಂಘರ್ಷವೆಂದು ವಾದಿಸಲು, ಆ ಮೂಲಕ ನಾಗರಿಕರನ್ನು ರಕ್ಷಿಸುವ 1949ರ ನಾಲ್ಕನೆಯ ಜಿನೀವಾ ಒಪ್ಪಂದವನ್ನು ಪೂರ್ಣವಾಗಿ ಅನ್ವಯಿಸಲು ಅವಕಾಶವಾಗುತ್ತದೆ. ಒಂದೊಮ್ಮೆ ಆಂತರಿಕ ಸಂಘರ್ಷವೆಂದು ಕರೆದರೂ, ನಾಲ್ಕೂ ಜಿನೀವಾ ಒಪ್ಪಂದಗಳಿಗೆ ಸಮಾನವಾದ 3ನೆಯ ವಿಧಿಯು ಕೈಸೆರೆಯಾದ ನಿರಾಯುಧರ ಕೊಲೆಯನ್ನು ನಿಷೇಧಿಸುತ್ತದೆ. ಹೀಗಾಗಿ ಹೊಲದಲ್ಲಿ ನಡೆದದ್ದು ಯುದ್ಧಾಪರಾಧವೇ ಎಂಬ ಬಗ್ಗೆ ಗಂಭೀರವಾದ ಸಂಶಯಕ್ಕೆ ಎಡೆಯಿಲ್ಲ.

ಜನಾಂಗಹತ್ಯೆಯ ಪ್ರಶ್ನೆ ಬೇರೆ. ಯುಗೋಸ್ಲಾವಿಯದ (ಮುಂದೆ ಸರ್ಬಿಯಾ) ವಿರುದ್ಧ ಕ್ರೊಯೇಷ್ಯಾ 1999ರಲ್ಲಿ ಹೂಡಿದ ದಾವೆಯ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಾಲಯ 2015ರ ಫೆಬ್ರವರಿ 3ರಂದು ತೀರ್ಪು ನೀಡಿತು. ಲೋವಾಸ್ ಇರುವ ಪೂರ್ವ ಸ್ಲಾವೋನಿಯಾ ಸೇರಿದಂತೆ ಹಲವು ಪ್ರದೇಶಗಳಲ್ಲಿ ಯುಗೋಸ್ಲಾವ್ ಸೇನೆ ಮತ್ತು ಸರ್ಬ್ ಪಡೆಗಳು ಕ್ರೊಯೇಟರನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದದ್ದು ಸಾಬೀತಾಗಿದೆ, ಜನಾಂಗಹತ್ಯೆಯ ಬಾಹ್ಯ ಕೃತ್ಯಾಂಶ, ಅಂದರೆ ಕೊಲೆಯಂಥ ಕೃತ್ಯಗಳು, ಅಲ್ಲಿ ಇದೆ ಎಂದು ನ್ಯಾಯಾಲಯ ಒಪ್ಪಿತು. ಆದರೆ ಜನಾಂಗಹತ್ಯೆಯನ್ನು ಕುರಿತ 1948ರ ಒಪ್ಪಂದವು ಇದರ ಜೊತೆಗೆ, ಒಂದು ಗುಂಪನ್ನು ಆ ಗುಂಪೆಂಬ ಕಾರಣಕ್ಕಾಗಿಯೇ ಪೂರ್ತಿಯಾಗಿ ಅಥವಾ ಭಾಗಶಃ ನಾಶಮಾಡುವ ವಿಶೇಷ ಉದ್ದೇಶವನ್ನೂ ಕೇಳುತ್ತದೆ. ಕೃತ್ಯಗಳ ಮಾದರಿಯಿಂದ ಆ ಉದ್ದೇಶವನ್ನು ಊಹಿಸಬೇಕಾದರೆ, ಆ ಮಾದರಿಯಿಂದ ಸಮಂಜಸವಾಗಿ ತೆಗೆಯಬಹುದಾದ ಏಕೈಕ ತೀರ್ಮಾನ ಅದಾಗಿರಬೇಕು. ಇಲ್ಲಿ ಕ್ರೊಯೇಟರನ್ನು ಆ ಪ್ರದೇಶದಿಂದ ಓಡಿಸುವುದು ಗುರಿಯಾಗಿತ್ತೆಂಬ ಇನ್ನೊಂದು ವಿವರಣೆ ಸಾಧ್ಯವಿದ್ದುದರಿಂದ 15–2 ಮತಗಳಿಂದ ದಾವೆ ಬಿದ್ದುಹೋಯಿತು. 1995ರ ಆಗಸ್ಟ್‌ನ ಕ್ರೊಯೇಷ್ಯಾದ ಕಾರ್ಯಾಚರಣೆಯನ್ನು ಕುರಿತ ಸರ್ಬಿಯಾದ ಪ್ರತಿದಾವೆಯೂ ಸರ್ವಾನುಮತದಿಂದ ವಜಾ ಆಯಿತು. ಪೀಠದಲ್ಲಿ ಭಾರತದ ದಲ್ವೀರ್ ಭಂಡಾರಿ ಅವರೂ ಇದ್ದರು.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ನೆಲಬಾಂಬ್ ಹೊಲದ ಕ್ರೌರ್ಯವನ್ನೇ ನಾಶದ ಉದ್ದೇಶಕ್ಕೆ ಪುರಾವೆಯಾಗಿ ಬರೆಯಬಾರದು. ಕ್ರೌರ್ಯದ ಪ್ರಮಾಣ ಮತ್ತು ಉದ್ದೇಶ ಎರಡು ಬೇರೆ ಅಂಶಗಳು. ಬಿಳಿ ಪಟ್ಟಿಯ ವಾದವನ್ನೂ ಕ್ರೊಯೇಷ್ಯಾ ಮುಂದಿಟ್ಟಿತ್ತು, ಆದರೆ ಅದು ಗುಂಪಿನ ಭೌತಿಕ ನಾಶಕ್ಕೆ ದಾರಿಮಾಡುವ ಜೀವನಸ್ಥಿತಿಯೆಂದು ನ್ಯಾಯಾಲಯ ಒಪ್ಪಲಿಲ್ಲ. ಈ ಮಾನದಂಡ ಅತಿ ಕಠಿಣವೆಂಬ ಟೀಕೆಗೆ ಬಲವಿದೆ ಎಂದು ನನಗನಿಸುತ್ತದೆ. ನ್ಯಾಯಮೂರ್ತಿ ಕನ್ಸಾದೊ ತ್ರಿಂದಾದೆ ಅವರ ದೀರ್ಘ ಭಿನ್ನಮತವನ್ನು ಓದದೆ ಬಹುಮತದ ತೀರ್ಪನ್ನಷ್ಟೇ ಉದ್ಧರಿಸಿದ ಉತ್ತರ ಅಪೂರ್ಣ.

ವ್ಯಕ್ತಿಗಳ ವಿಚಾರಣೆಯ ಕಥೆ ಇನ್ನೂ ಅಸಮಾಧಾನಕರ. ಹಿಂದಿನ ಯುಗೋಸ್ಲಾವಿಯದ ಯುದ್ಧಾಪರಾಧಗಳನ್ನು ವಿಚಾರಿಸಲು ಹೇಗ್‌ನಲ್ಲಿದ್ದ ನ್ಯಾಯಮಂಡಳಿಯಲ್ಲಿ ಸರ್ಬಿಯಾದ ಅಧ್ಯಕ್ಷರಾಗಿದ್ದ ಸ್ಲೊಬೊಡಾನ್ ಮಿಲೊಸೆವಿಚ್ ಮತ್ತು ಕ್ರೊಯೇಷ್ಯಾದ ಸರ್ಬರ ನಾಯಕ ಗೊರಾನ್ ಹಾಜಿಚ್ ಇಬ್ಬರ ಆರೋಪಪಟ್ಟಿಯಲ್ಲಿಯೂ ಲೋವಾಸ್ ಇತ್ತು. ಮಿಲೊಸೆವಿಚ್ 2006ರ ಮಾರ್ಚ್‌ನಲ್ಲಿ, ಹಾಜಿಚ್ 2016ರ ಜುಲೈನಲ್ಲಿ, ತೀರ್ಪಿಗೆ ಮೊದಲೇ ಸತ್ತರು. ಬೆಲ್‌ಗ್ರೇಡ್‌ನಲ್ಲಿ 2008ರಲ್ಲಿ ಆರಂಭವಾದ ವಿಚಾರಣೆಯಲ್ಲಿ ಸ್ಥಳೀಯ ಆಡಳಿತದವರು, ಸೈನಿಕರು, ಅರೆಸೈನಿಕರು ಒಟ್ಟಿಗೆ ಆರೋಪಿಗಳಾಗಿದ್ದರು; 2012ರಲ್ಲಿ 14 ಮಂದಿಗೆ ಶಿಕ್ಷೆಯಾಯಿತು. ಯಾವ ಆರೋಪಿ ನಿರ್ದಿಷ್ಟವಾಗಿ ಏನು ಮಾಡಿದ ಎಂಬುದು ಸ್ಪಷ್ಟವಾಗಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು. ಮರುವಿಚಾರಣೆಯ ನಂತರ 2019ರಲ್ಲಿ, ಘಟನೆ ನಡೆದು 28 ವರ್ಷವಾಗುವ ಹೊತ್ತಿಗೆ, 8 ಮಂದಿಗೆ ಮೊದಲಿಗಿಂತ ಕಡಿಮೆ ಅವಧಿಯ ಶಿಕ್ಷೆಗಳು ವಿಧಿಸಲ್ಪಟ್ಟವು.