ಚಳಿಗಾಲದ ಪ್ಲಗ್-ಇನ್ ಹೈಬ್ರಿಡ್: ಶಾಖ ಎಲ್ಲಿಂದ ಬರಬೇಕು ಎಂಬುದೇ ಮೊದಲ ಪ್ರಶ್ನೆ

ಚಳಿಗಾಲ ಮುಗಿಯುವ ಹೊತ್ತಿಗೆ ಸರ್ವೀಸಿಗೆ ಬರುವ ಪ್ಲಗ್-ಇನ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನಿನ ಜೊತೆಗೆ ಹೊರಗಿನಿಂದ ಚಾರ್ಜ್ ಮಾಡಬಹುದಾದ ಬ್ಯಾಟರಿಯೂ ಮೋಟಾರೂ ಇರುವ) ಕಾರಿನ ಬಾನೆಟ್ ತೆರೆದ ಕೂಡಲೇ ನಾನು ಬಿಚ್ಚಿ ನೋಡುವುದು ಎಂಜಿನ್ ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನು. ಅದರ ಒಳಮೈಗೆ ಕೆನೆಯಂತಹ ಮಾಸಲು ಹಳದಿ ಲೋಳೆ ಅಂಟಿಕೊಂಡಿದ್ದು, ಡಿಪ್‌ಸ್ಟಿಕ್ಕನ್ನು ಮೂಸಿದಾಗ ಪೆಟ್ರೋಲ್ ವಾಸನೆಯೂ ಬಂದರೆ, ಆ ಕಾರು ಚಳಿಗಾಲವನ್ನು ಹೇಗೆ ಕಳೆದಿದೆ ಎಂಬುದು ಬಹುಮಟ್ಟಿಗೆ ತಿಳಿದುಹೋಗುತ್ತದೆ. (ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವದ ಮಟ್ಟವೂ ಇಳಿಯುತ್ತಿದ್ದರೆ ಅದು ಬೇರೆಯೇ ಕಾಯಿಲೆ, ಆಗ ಎಂಜಿನ್ನಿನ ತಲೆಭಾಗದ ಸಂದಿಯನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು.) ಮಾಲೀಕರನ್ನು ಕೇಳಿದರೆ, "ನಾನು ಯಾವಾಗಲೂ ಇವಿ ಮೋಡ್‌ನಲ್ಲೇ ಓಡಿಸಿದ್ದೇನಲ್ಲ ಸರ್, ಎಂಜಿನ್ ಓಡಿದ್ದೇ ಇಲ್ಲ" ಎನ್ನುತ್ತಾರೆ. ಬ್ಯಾಟರಿಯಿಂದ ಮಾತ್ರ ಓಡಿಸುವ ಆ ಇವಿ ಮೋಡ್‌ನ ಗುಂಡಿಯನ್ನು ಅವರು ಒತ್ತಿದ್ದು ನಿಜ. ಆದರೆ ಹೀಟರ್ ಬೇಕೆಂದಾಗ, ಗಾಜಿನ ಮಂಜು ತೆಗೆಯಲು ಡಿಫ್ರಾಸ್ಟ್ ಒತ್ತಿದಾಗ, ಏರುದಾರಿಯಲ್ಲಿ ಆಕ್ಸಲರೇಟರನ್ನು ಜೋರಾಗಿ ತುಳಿದಾಗ, ಅನೇಕ ಕಾರುಗಳು ತಾವಾಗಿಯೇ ಎಂಜಿನ್ ಚಾಲೂ ಮಾಡಿಕೊಳ್ಳುತ್ತವೆ. ಹಾಗೆ ಚಾಲೂ ಆದ ಎಂಜಿನ್ ಎರಡು ಮೂರು ನಿಮಿಷ ಓಡಿ, ಸರಿಯಾಗಿ ಬಿಸಿಯೇರುವ ಮೊದಲೇ ನಿಂತುಬಿಡುತ್ತದೆ. ದಿನದಲ್ಲಿ ಇದು ನಾಲ್ಕಾರು ಬಾರಿ ನಡೆಯುತ್ತದೆ.

ಎಂಜಿನ್ನಿಗೆ ಇದಕ್ಕಿಂತ ಕಷ್ಟದ ಬಾಳು ಇನ್ನೊಂದಿಲ್ಲ. ತಣ್ಣಗಿನ ಸಿಲಿಂಡರ್ ಗೋಡೆಗೆ ತಾಗಿದ ಪೆಟ್ರೋಲ್ ಪೂರ್ತಿ ಆವಿಯಾಗದೆ ಕೆಳಗಿಳಿದು ಆಯಿಲ್‌ನಲ್ಲಿ ಬೆರೆಯುತ್ತದೆ, ದಹನದಲ್ಲಿ ಹುಟ್ಟಿದ ನೀರಿನ ಆವಿ ತಣ್ಣನೆಯ ಲೋಹದ ಮೇಲೆ ಹನಿಯಾಗಿ ಕೂರುತ್ತದೆ, ಮತ್ತು ಆಯಿಲ್ ಸಾಕಷ್ಟು ಹೊತ್ತು ಬಿಸಿಯಾಗಿದ್ದರೆ ಮಾತ್ರ ಇವೆರಡೂ ಆರಿಹೋಗುತ್ತವೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ತನ್ನ ಕೆಲಸವನ್ನು ಸರಿಯಾಗಿ ಮಾಡದ ಕಾರಣ, ಹೊಗೆಯಲ್ಲಿನ ಮಾಲಿನ್ಯದ ದೊಡ್ಡ ಪಾಲು ಹೊರಬೀಳುವುದು ಈ ಮೊದಲ ನಿಮಿಷಗಳಲ್ಲೇ. ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟು: ಚಳಿಯಲ್ಲಿ ಎಂಜಿನ್ ಚಾಲೂ ಆಗುವುದೇ ಆದರೆ ಅದು ಒಮ್ಮೆ ಆಗಲಿ, ಪೂರ್ತಿ ಬಿಸಿಯಾಗುವವರೆಗೆ ಓಡಲಿ, ಆಗದೆ ಇರುವುದಾದರೆ ಇಡೀ ಪಯಣದಲ್ಲಿ ಆಗದಿರಲಿ. ಮೋಡ್ ಆಯ್ಕೆ ಹೊರಡುವ ಮೊದಲೇ ಮಾಡಬೇಕಾದ ತೀರ್ಮಾನ.

ತೀರ್ಮಾನಕ್ಕೆ ಒಂದು ಚಿಕ್ಕ ಲೆಕ್ಕ ಬೇಕು. ಬಳಕೆಗೆ ಸಿಗುವ 10 ಕಿಲೋವ್ಯಾಟ್-ಅವರ್ ಶಕ್ತಿಯುಳ್ಳ ಬ್ಯಾಟರಿಯ ಕಾರೊಂದು ನಗರದ ದಟ್ಟಣೆಯಲ್ಲಿ ಅರ್ಧ ಗಂಟೆಯಲ್ಲಿ 15 ಕಿಲೋಮೀಟರ್ ಸಾಗುತ್ತದೆ ಎನ್ನೋಣ. ಚಕ್ರ ತಿರುಗಿಸಲು ಸುಮಾರು ಎರಡೂವರೆ ಕಿಲೋವ್ಯಾಟ್-ಅವರ್ ಸಾಕು. ಅದೇ ಅರ್ಧ ಗಂಟೆಯಲ್ಲಿ 5 ಕಿಲೋವ್ಯಾಟ್‌ನ ವಿದ್ಯುತ್ ಹೀಟರ್ ಪೂರ್ಣ ಬಲದಲ್ಲಿ ಉರಿದರೆ ಅದಕ್ಕೂ ಎರಡೂವರೆ ಬೇಕು; ಅಂದರೆ ಬ್ಯಾಟರಿಯಿಂದ ತೆಗೆದ ಶಕ್ತಿಯಲ್ಲಿ ಅರ್ಧ ಕಾರನ್ನು ಮುಂದಕ್ಕೆ ಒಯ್ದಿದೆ, ಉಳಿದರ್ಧ ಕೇವಲ ಒಳಗಿನ ಗಾಳಿಯನ್ನು ಬಿಸಿ ಮಾಡಿದೆ. ಪೆಟ್ರೋಲ್ ಎಂಜಿನ್ನಿನ ವಿಷಯ ಇದಕ್ಕೆ ತದ್ವಿರುದ್ಧ. ಅದು ಉತ್ತಮ ಸ್ಥಿತಿಯಲ್ಲಿಯೂ ಇಂಧನದ ಶಕ್ತಿಯಲ್ಲಿ ಶೇ. 40ರ ಆಸುಪಾಸನ್ನಷ್ಟೇ ಚಲನೆಯಾಗಿಸುತ್ತದೆ, ಉಳಿದದ್ದನ್ನು ಶಾಖವಾಗಿ ಚೆಲ್ಲುತ್ತದೆ. ಬೇಸಿಗೆಯಲ್ಲಿ ನಷ್ಟವೆನಿಸುವ ಆ ಶಾಖ ಚಳಿಗಾಲದಲ್ಲಿ ಪುಕ್ಕಟೆ ಹೀಟರ್.

ನಿಮ್ಮ ಕಾರಿನಲ್ಲಿ ವಿದ್ಯುತ್ ಹೀಟರ್ ಅಥವಾ ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಒಳಕ್ಕೆ ತರುವ ಸಾಧನ) ಇದೆಯೇ, ಅಥವಾ ಶಾಖಕ್ಕೆ ಎಂಜಿನ್ ಒಂದೇ ಗತಿಯೇ ಎಂಬುದನ್ನು ಮೊದಲು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಎಂಜಿನ್ ಒಂದೇ ಗತಿಯಾದರೆ, ಹೀಟರ್ ಹಾಕಿಕೊಂಡು ಇವಿ ಮೋಡ್ ಒತ್ತುವುದರಲ್ಲಿ ಅರ್ಥವಿಲ್ಲ. ವಿದ್ಯುತ್ ಹೀಟರ್ ಇರುವ ಕಾರುಗಳಲ್ಲಿಯೂ ತೀವ್ರ ಚಳಿಯಲ್ಲಿ ಎಂಜಿನ್ ನೆರವಿಗೆ ಬರುವುದುಂಟು. ಷೆವರ್ಲೆ ವೋಲ್ಟ್ ಕಾರಿನಲ್ಲಿ ಬ್ಯಾಟರಿ ತುಂಬಿದ್ದರೂ ಹೊರಗಿನ ಉಷ್ಣತೆ ಒಂದು ಮಿತಿಗಿಂತ ಇಳಿದರೆ ಎಂಜಿನ್ ಓಡುತ್ತಿತ್ತು, ಮತ್ತು ಆ ಮಿತಿಯನ್ನು ಇನ್ನಷ್ಟು ಕೆಳಕ್ಕೆ ಇಳಿಸಲು ಸೆಟ್ಟಿಂಗ್‌ನಲ್ಲಿ ಅವಕಾಶವಿತ್ತು.

ಬ್ಯಾಟರಿಯ ವ್ಯಾಪ್ತಿಯೊಳಗೇ ಮುಗಿಯುವ ಚಿಕ್ಕ ಓಡಾಟಕ್ಕೆ ಇವಿ ಮೋಡ್ ಸರಿ. ಕಾರು ಚಾರ್ಜರ್‌ಗೆ ಸಿಕ್ಕಿಸಿಕೊಂಡಿರುವಾಗಲೇ ಹೊರಡುವ ವೇಳೆಯನ್ನು ನಿಗದಿಪಡಿಸಿ ಒಳಗನ್ನು ಬಿಸಿ ಮಾಡಿಸಿಕೊಳ್ಳಿ. ಹೊರಟ ಮೇಲೆ ಹೀಟರನ್ನು ತಗ್ಗಿಸಿ ಸೀಟಿನ ಮತ್ತು ಸ್ಟಿಯರಿಂಗಿನ ಬಿಸಿಯನ್ನು ನೆಚ್ಚಿಕೊಳ್ಳಿ. ಸೀಟಿನ ಬಿಸಿಗೆ ಬೇಕಾಗುವುದು ನೂರು ವ್ಯಾಟ್‌ನ ಆಚೀಚೆ, ಅಂದರೆ ದೊಡ್ಡ ಹೀಟರಿನ ಐವತ್ತರಲ್ಲಿ ಒಂದು ಪಾಲು. ಆದರೆ ಗೋಡೆಯ ಸಾಮಾನ್ಯ ಪ್ಲಗ್ಗು ಕೊಡುವ ವಿದ್ಯುತ್ತು ಹೀಟರಿನ ಬೇಡಿಕೆಗಿಂತ ಕಡಿಮೆ ಇರಬಹುದು. ಆಗ ಪ್ಲಗ್ಗಿನಲ್ಲಿದ್ದರೂ ಬ್ಯಾಟರಿ ಸ್ವಲ್ಪ ಇಳಿದೇ ಇಳಿಯುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ.

ದೂರದ ಪಯಣದಲ್ಲಿ ಹೆಚ್ಚಿನವರು ತಪ್ಪುವುದು ಕ್ರಮದಲ್ಲಿ. ತುಂಬಿದ ಬ್ಯಾಟರಿಯನ್ನು ಮೊದಲು ಖಾಲಿ ಮಾಡಿ, ಆಮೇಲೆ ಎಂಜಿನ್ನಿಗೆ ಒಪ್ಪಿಸುವುದು ಬೇಸಿಗೆಯಲ್ಲಿ ನಡೆದೀತು. ಚಳಿಯಲ್ಲಿ ನಾನು ತಿರುವುಮುರುವು ಮಾಡುತ್ತೇನೆ: ಹೆದ್ದಾರಿಯಲ್ಲಿ ದೀರ್ಘವಾಗಿ ಸಾಗಲಿಕ್ಕಿದ್ದರೆ ಹೊರಡುವಾಗಲೇ ಎಂಜಿನ್ನೂ ಮೋಟಾರೂ ಸೇರಿ ಓಡಿಸುವ ಹೈಬ್ರಿಡ್ ಮೋಡ್ ಹಾಕಿ, ಚಾರ್ಜನ್ನು ಹೋಲ್ಡ್ ಅಥವಾ ಸೇವ್ ಗುಂಡಿಯಿಂದ ಕಾಯ್ದಿಟ್ಟುಕೊಂಡು, ಕೊನೆಯ ಹದಿನೈದು ಇಪ್ಪತ್ತು ಕಿಲೋಮೀಟರ್ ನಗರದೊಳಗಿನ ದಾರಿಗೆ ಇವಿ ಮೋಡ್‌ಗೆ ಬದಲಾಯಿಸುತ್ತೇನೆ. ಅಷ್ಟರಲ್ಲಿ ಕಾರಿನ ಒಳಗು ಬೆಚ್ಚಗಾಗಿರುತ್ತದೆ, ಎಂಜಿನ್ ನಿಂತ ಮೇಲೂ 80-90 ಡಿಗ್ರಿಯ ಕೂಲೆಂಟ್ ಕೆಲವು ನಿಮಿಷ ಹೀಟರಿಗೆ ಶಾಖ ಒದಗಿಸುತ್ತದೆ. ತಂಪಾದ ಗಾಳಿ ಸಾಂದ್ರವೂ ಹೌದು. 20 ಡಿಗ್ರಿಗೆ ಹೋಲಿಸಿದರೆ ಮೈನಸ್ 10ರಲ್ಲಿ ಅದು ಶೇ. 11ರಷ್ಟು ಹೆಚ್ಚು ದಟ್ಟವಾಗಿರುವುದರಿಂದ ಹೆದ್ದಾರಿಯ ವೇಗದಲ್ಲಿ ಬ್ಯಾಟರಿ ಇನ್ನೂ ಬೇಗ ಕರಗುತ್ತದೆ.

ಇದೇ ಕ್ರಮದಿಂದ ಇನ್ನೊಂದು ಅಪಾಯವೂ ತಪ್ಪುತ್ತದೆ, ನನಗೆ ಅದೇ ಹೆಚ್ಚು ಮುಖ್ಯ. ಇವಿ ಮೋಡ್‌ನಲ್ಲಿ ಬಂದು, ಹೆದ್ದಾರಿಗೆ ಸೇರುವಾಗ ಪೆಡಲನ್ನು ಪೂರ್ತಿ ತುಳಿದರೆ, ತಣ್ಣಗಿನ ಬ್ಯಾಟರಿಯ ಆಂತರಿಕ ರೋಧ ಹೆಚ್ಚಿರುವ ಕಾರಣ ಅದು ಕೇಳಿದಷ್ಟು ಬಲ ಕೊಡಲಾರದು. ಕೊರತೆ ತುಂಬಲು ಹಿಮದಷ್ಟು ತಣ್ಣಗಿರುವ ಎಂಜಿನ್ ಎದ್ದ ಕ್ಷಣದಲ್ಲೇ ಭಾರೀ ಹೊರೆ ಹೊರಬೇಕಾಗುತ್ತದೆ, ಆಯಿಲ್ ಇನ್ನೂ ಮಂದವಾಗಿರುವಾಗಲೇ. ಹೆದ್ದಾರಿ ಐದು ನಿಮಿಷ ದೂರವಿರುವಾಗಲೇ ಹೈಬ್ರಿಡ್‌ಗೆ ಬದಲಾಯಿಸಿ ಎಂಜಿನ್ನನ್ನು ಹಗುರವಾಗಿ ಓಡಲು ಬಿಡುವುದು ಅದಕ್ಕೆ ನೀವು ಮಾಡಬಹುದಾದ ದೊಡ್ಡ ಉಪಕಾರ. ಸ್ಪೋರ್ಟ್ ಮೋಡ್‌ಗೆ ಚಳಿಯ ಬೆಳಗಿನಲ್ಲಿ ಕೆಲಸವಿಲ್ಲ. ಚಾರ್ಜ್ ಮೋಡನ್ನು ನಾನು ಅಪರೂಪಕ್ಕೆ ಬಳಸುತ್ತೇನೆ, ಏಕೆಂದರೆ ಪೆಟ್ರೋಲಿನಿಂದ ವಿದ್ಯುತ್ತು, ವಿದ್ಯುತ್ತಿನಿಂದ ಬ್ಯಾಟರಿ, ಬ್ಯಾಟರಿಯಿಂದ ಮೋಟಾರು ಎಂಬ ದಾರಿಯಲ್ಲಿ ಹಂತಹಂತಕ್ಕೂ ನಷ್ಟವಿದೆ. ಇರುವುದನ್ನು ಉಳಿಸಿಕೊಳ್ಳುವ ಹೋಲ್ಡ್ ಬಹುತೇಕ ಸಂದರ್ಭಗಳಲ್ಲಿ ಮೇಲು.

ಕೊನೆಯದಾಗಿ ಬ್ರೇಕಿನ ಮಾತು. ಶೂನ್ಯಕ್ಕಿಂತ ಕೆಳಗೆ ಬ್ಯಾಟರಿಗೆ ಜೋರಾಗಿ ಚಾರ್ಜ್ ತುಂಬಿದರೆ ಲಿಥಿಯಂ, ವಿದ್ಯುದ್ವಾರದ ಗ್ರಾಫೈಟ್‌ನೊಳಗೆ ಸೇರಲಾಗದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುವುದರಿಂದ, ಕಾರಿನ ನಿಯಂತ್ರಕವು ರೀಜನರೇಟಿವ್ ಬ್ರೇಕಿಂಗನ್ನು (ವೇಗ ತಗ್ಗಿಸುವಾಗ ಮೋಟಾರಿನಿಂದಲೇ ಬ್ಯಾಟರಿಗೆ ಚಾರ್ಜ್ ತುಂಬುವುದನ್ನು) ತಾನೇ ತಗ್ಗಿಸುತ್ತದೆ. ಹಾಗಾಗಿ ಬೆಳಗಿನ ಮೊದಲ ಇಳಿಜಾರಿನಲ್ಲಿ ಪೆಡಲ್ ಬಿಟ್ಟಾಗ ಕಾರು ಎಂದಿನಂತೆ ನಿಧಾನವಾಗುವುದಿಲ್ಲ. ಪಾದವನ್ನು ಬ್ರೇಕಿನ ಮೇಲೆ ಮೊದಲೇ ಇಟ್ಟುಕೊಂಡಿರಬೇಕು. ಬ್ಯಾಟರಿ ಬೆಚ್ಚಗಾದ ಮೇಲೆ ಈ ಬ್ರೇಕಿಂಗಿನ ಹಿಡಿತ ಮರಳುತ್ತದೆ, ಆದರೆ ರಸ್ತೆಯ ಮೇಲೆ ಹಿಮಗಟ್ಟಿದ್ದರೆ ಆಗ ಬಿ ಮೋಡ್‌ನ (ರೀಜನರೇಟಿವ್ ಬ್ರೇಕಿಂಗನ್ನು ಹೆಚ್ಚಿಸುವ ಗೇರಿನ ಸ್ಥಾನದ) ಬಲವಾದ ಹಿಡಿತವೇ ತೊಂದರೆ: ಅದು ನಾಲ್ಕೂ ಚಕ್ರಗಳಿಗೆ ಹಂಚಿಹೋಗದೆ ಮೋಟಾರು ಜೋಡಿಸಿದ ಗಾಲಿಗಳನ್ನಷ್ಟೇ ಹಿಡಿಯುತ್ತದೆ, ಹಿಂದಿನ ಗಾಲಿಗಳಾದರೆ ತಿರುವಿನಲ್ಲಿ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಬಹುದು. ಅಂಥ ರಸ್ತೆಯಲ್ಲಿ ಡಿ ಗೇರಿನಲ್ಲೇ ಇದ್ದು, ರೀಜನ್ ಮಟ್ಟವನ್ನು ಅತಿ ಕಡಿಮೆಗೆ ಇಳಿಸಿ, ಸ್ನೋ ಮೋಡ್ ಇದ್ದರೆ ಅದನ್ನು ಹಾಕಿಕೊಂಡು, ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಇಳಿಯಬೇಕು.